ನಟಿಗೆ ಕೊಟ್ಟ ರಿಯಾಯಿತಿಯನ್ನು ನಮ್ಮ ಅಕ್ಕನಿಗೂ ಕೊಡಿ

ಮಾನ್ಯ ಗುರುಗಳೇ,

ಗಂಡನನ್ನು ಬಿಟ್ಟು ಬಂದ ಹೆಂಗಸು ನಮ್ಮ ಚರ್ಚಿನ ವಾಚನಪೀಠದಲ್ಲಿ ನಿಂತು ಬೈಬಲ್ ಓದಬಹುದೋ, ಓದಬಾರದೋ? ಓದಬಾರದು ಎಂದಾದರೆ, ಹೋದ ತಿಂಗಳು ಚರ್ಚಿನ ಐವತ್ತನೇ ವರ್ಷದ ಬಲಿಪೂಜೆಯಲ್ಲಿ ಆ ಸಿನಿಮಾ ನಟಿಯನ್ನು ನೀವೇ ಮುಂದೆ ನಿಂತು ಮೆಟ್ಟಿಲು ಹತ್ತಿಸಿ ಓದಿಸಿದ್ದು ಹೇಗೆ? ಓದಬಹುದು ಎಂದಾದರೆ, ಅದೇ ಜಾಗದಲ್ಲಿ ವರ್ಷಾನುಗಟ್ಟಲೆ ಓದಿದ ನಮ್ಮ ಅಕ್ಕನನ್ನು ಕೆಳಗಿಳಿಸಿದ್ದು ಯಾಕೆ? ಎರಡರಲ್ಲಿ ಒಂದಕ್ಕಾದರೂ ಉತ್ತರ ಬೇಕು. ಎರಡಕ್ಕೂ ಕೊಟ್ಟರೆ ಬೇಡವೆನ್ನುವುದಿಲ್ಲ.

ನಾನು ಯಾರೆಂದು ನಿಮಗೆ ಗೊತ್ತು, ಪೇಪರ್ ಓದುವವರಿಗೆ ಹೇಳಬೇಕಲ್ಲ. ನಾನು ಚರ್ಚಿನ ಮೈಕ್ ಸೆಟ್ ನೋಡಿಕೊಳ್ಳುವವನು. ಹಿಂದಿನ ಕಂಬಕ್ಕೆ ಒರಗಿಸಿಟ್ಟ ಮೇಜಿನ ಮೇಲೆ ಗುಂಡಿಗಳ ಪೆಟ್ಟಿಗೆ, ಅದರ ಹಿಂದೆ ನಾನು. ಶಾಲೆಗೆ ಹೋದದ್ದು ಅಷ್ಟಕ್ಕಷ್ಟೆ. ಒಂದು ವರ್ಷ ಹೋದರೆ ಮುಂದಿನ ವರ್ಷ ಅಪ್ಪನ ರೇಡಿಯೊ ರಿಪೇರಿ ಅಂಗಡಿ. ಹಾಗಾಗಿ ವಾಕ್ಯ ಎಲ್ಲಾದರೂ ಸೊಟ್ಟಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಸ್ವಭಾವದಲ್ಲಿ ಪುಕ್ಕಲ. ಕೆಲಸವೂ ಅಂಥದೇ: ಎಲ್ಲ ಸರಿಯಿದ್ದಾಗ ನಾನೊಬ್ಬ ಇದ್ದೇನೆಂದು ಯಾರಿಗೂ ನೆನಪಾಗುವುದಿಲ್ಲ, ಸ್ಪೀಕರ್ ಒಮ್ಮೆ ಕುಯ್ ಎಂದರೆ ಇಡೀ ಸಭೆ ಕತ್ತು ತಿರುಗಿಸಿ ನನ್ನನ್ನೇ ನೋಡುತ್ತದೆ. ಈ ಪತ್ರ ಅಚ್ಚಾದರೆ ಮೈಕ್ ಸುಮ್ಮನಿದ್ದರೂ ತಿರುಗಿ ನೋಡುತ್ತಾರೆ. ನಾಳೆ ಅಮ್ಮನಿಗೆ ಏನಾದರೂ ಆದರೆ ಸಮಾಧಿಗೆ ಜಾಗ ಕೊಡುತ್ತೀರೋ, ಪೇಪರಿನವರನ್ನೇ ಹೋಗಿ ಕೇಳು ಎನ್ನುತ್ತೀರೋ ಎಂಬ ಯೋಚನೆಯೂ ಬಂದುಹೋಯಿತು. ಅಮ್ಮ ಗಟ್ಟಿಮುಟ್ಟಾಗಿದ್ದಾಳೆ. ಯೋಚನೆ ಮಾತ್ರ ನನ್ನದು.

ಮೊದಲು ನಮ್ಮ ಸಭಾಂಗಣದ ಗೋಡೆಯಲ್ಲಿರುವ ‘ನಮ್ಮವರು’ ಫಲಕದ ವಿಷಯ. ಜಗತ್ತಿನಲ್ಲಿ ಹೆಸರು ಮಾಡಿದ ಕಥೋಲಿಕರ ಚಿತ್ರಗಳನ್ನು ಅಲ್ಲಿ ಅಂಟಿಸಿದ್ದೇವೆ. ಅದರೊಳಗೆ ಬರಲು ಬೇಕಾದ ಅರ್ಹತೆ ಬಹಳ ಕಠಿಣ: ಟೀವಿಯಲ್ಲಿ ಕಾಣುವಾಗ ಒಂದು ಸಲ ಶಿಲುಬೆ ಗುರುತು ಹಾಕಿರಬೇಕು. ಫುಟ್‌ಬಾಲ್ ಆಟಗಾರನೊಬ್ಬ ಚೆಂಡು ಒದೆಯುವ ಮುಂಚೆ ಹಣೆ, ಎದೆ, ಭುಜ ಮುಟ್ಟಿಕೊಂಡ, ಅವತ್ತೇ ನಮ್ಮವನಾದ. ಗೋಲು ಬಿದ್ದಾಗ ಅದು ಪ್ರಾರ್ಥನೆಯ ಫಲ, ತಪ್ಪಿದಾಗ ಶಿಲುಬೆ ಗುರುತನ್ನು ಅವಸರದಲ್ಲಿ ಹಾಕಿದ್ದರ ಫಲ. ಕತ್ತಿನಲ್ಲಿ ಶಿಲುಬೆ ತೊಟ್ಟ ಗಾಯಕಿಯೊಬ್ಬಳು ಒಂದು ವಾರ ಫಲಕದಲ್ಲಿದ್ದಳು. ಅವಳು ಬೇರೆ ಸಭೆಯವಳು, ಕಥೋಲಿಕಳಲ್ಲ ಎಂದು ತಿಳಿದ ಸಂಜೆಯೇ ಚಿತ್ರ ಇಳಿಯಿತು. ಅವಳಿಗೆ ಅಷ್ಟೇನೂ ಹಾಡಲು ಬರುವುದಿಲ್ಲವೆಂಬುದೂ ಅದೇ ಸಂಜೆ ಎಲ್ಲರಿಗೂ ಹೊಳೆಯಿತು. ನಾನು ನಕ್ಕು ದೂರ ನಿಂತವನೇನಲ್ಲ. ಆ ಫುಟ್‌ಬಾಲಿನವನನ್ನು ತೋರಿಸಿ ಪಕ್ಕದ ಮನೆಯವರಿಗೆ ‘ನಮ್ಮೋನು’ ಎಂದವರಲ್ಲಿ ನಾನೂ ಒಬ್ಬ. ನಮ್ಮವನೊಬ್ಬ ಎತ್ತರಕ್ಕೆ ಹೋದರೆ ಕೂತಲ್ಲೇ ನಾವೂ ಒಂದಿಂಚು ಬೆಳೆದಂತಾಗುತ್ತದೆ. ಅದರಲ್ಲಿ ತಪ್ಪೇನಿದೆ? ಆ ಒಂದಿಂಚಿಗಾಗಿ ಯಾರ ತಲೆಯ ಮೇಲೆ ಕಾಲಿಡುತ್ತಿದ್ದೇವೆ ಎಂದು ನೋಡದಿರುವುದೇ ತಪ್ಪು.

ಈಗ ಅಕ್ಕನ ವಿಷಯ. ಅವಳು ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ. ಭಾನುವಾರದ ಮೊದಲ ವಾಚನ ಅವಳದಾಗಿತ್ತು. ಅವಳು ಓದುವಾಗ ನಾನು ಗುಂಡಿಗಳಿಂದ ಕೈ ತೆಗೆದು ಆರಾಮಾಗಿ ಕೂರುತ್ತಿದ್ದೆ. ಕಿರುಚುವುದಿಲ್ಲ, ನುಂಗುವುದಿಲ್ಲ, ಪ್ರವಾದಿ ಬೈಯುತ್ತಿದ್ದರೆ ಯಾರಿಗೆ ಬೈಯುತ್ತಿದ್ದಾನೆಂದು ಕೊನೆಯ ಬೆಂಚಿಗೂ ತಿಳಿಯುತ್ತಿತ್ತು. ಅವಳ ಗಂಡ ಕೈ ಮಾಡುವವನು. ಒಂದು ಸಲ ಅವಳ ಬಲಭುಜದ ಮೂಳೆ ಮುರಿಯಿತು. ಕೈಯನ್ನು ಕತ್ತಿಗೆ ಕಟ್ಟಿಕೊಂಡು ಬಂದು, ಎಡಗೈಯಲ್ಲಿ ಹಾಳೆ ಮಗುಚಿ ಓದಿದಳು. ನೀವು ಪೀಠದ ಪಕ್ಕದ ಕುರ್ಚಿಯಲ್ಲೇ ಇದ್ದಿರಿ. ಅವತ್ತು ಯಾರೂ ಏನೂ ಅನ್ನಲಿಲ್ಲ. ಹೋದ ವರ್ಷ ಅವಳು ಒಂದು ಪೆಟ್ಟಿಗೆ ಬಟ್ಟೆಯೊಂದಿಗೆ ನಮ್ಮ ಮನೆಗೆ ಬಂದುಬಿಟ್ಟಳು. ಮುಂದಿನ ಭಾನುವಾರವೇ ನೀವು ಅವಳನ್ನು ಬಾಗಿಲ ಹತ್ತಿರ ನಿಲ್ಲಿಸಿ, ‘ಸ್ವಲ್ಪ ದಿನ ರೆಸ್ಟ್ ತಗೊಳ್ಳಮ್ಮ, ಜನ ಮಾತಾಡ್ತಾರೆ’ ಅಂದಿರಿ. ಏನು ಮಾತಾಡ್ತಾರೆ ಎಂದು ಅವಳು ಕೇಳಿದ್ದಕ್ಕೆ ನಿಮಗೆ ಅರ್ಜೆಂಟಾಗಿ ಯಾರಿಗೋ ಫೋನ್ ಮಾಡಬೇಕಾಗಿತ್ತು.

ನನ್ನ ಅರೆಬರೆ ಓದಿನ ಬುದ್ಧಿಗೆ ಇದು ಹತ್ತುವುದಿಲ್ಲ ಗುರುಗಳೇ. ಮೂಳೆ ಮುರಿದಿದ್ದಾಗ ದೇವರ ವಾಕ್ಯ ಓದಲು ಯೋಗ್ಯಳಾಗಿದ್ದವಳು, ಮೂಳೆ ಕೂಡಿದ ಮೇಲೆ ಅಯೋಗ್ಯಳಾದಳೇ? ಹೊಡೆಸಿಕೊಳ್ಳುತ್ತಿದ್ದರೆ ಸಂಸಾರ, ಹೊಡೆತ ನಿಂತರೆ ಹಗರಣವೇ? ಸ್ವಲ್ಪ ದಿನ ಎಂದಿರಲ್ಲ, ಆ ಸ್ವಲ್ಪ ಯಾವ ಅಳತೆಯದು?

ಇಷ್ಟರಲ್ಲಿ ಐವತ್ತನೇ ವರ್ಷ ಬಂತು, ನಟಿಯೂ ಬಂದರು. ಪ್ರಶಸ್ತಿ ತೆಗೆದುಕೊಳ್ಳುವಾಗ ಅವರು ಶಿಲುಬೆ ಗುರುತು ಹಾಕಿದ್ದನ್ನು ಪಾಲನಾ ಸಮಿತಿಯ ಕಾರ್ಯದರ್ಶಿಗಳು ನೋಡಿದ್ದರು. ಫಲಕದ ನಡುವಿನ ಜಾಗ ಅವರದಾಯಿತು, ಜುಬಿಲಿ ಬಲಿಪೂಜೆಯ ಮೊದಲ ವಾಚನವೂ ಅವರದೇ ಎಂದು ತೀರ್ಮಾನವಾಯಿತು. ತೀರ್ಮಾನವಾದ ಭಾನುವಾರ, ಪೂಜೆ ಮುಗಿದ ಮೇಲಿನ ಚಹಾದ ಹೊತ್ತಿನಲ್ಲಿ ನಾನು ವೈರ್ ಸುತ್ತುತ್ತಿದ್ದೆ. ಗಾನವೃಂದದ ಹಿರಿಯಮ್ಮ ಮೆಲ್ಲಗೆ ತಕರಾರು ಎತ್ತಿದರು: ಆಕೆಗೆ ಎರಡೆರಡು ಮದುವೆ ಮುರಿದಿದೆಯಂತಲ್ಲ. ಮದುವೆಯ ಕಾನೂನು ನಮ್ಮ ಕಾರ್ಯದರ್ಶಿಗಳಿಗೆ ಅಷ್ಟು ಬಾಯಿಪಾಠವಾಗಿದೆಯೆಂದು ನನಗೆ ಅವತ್ತೇ ಗೊತ್ತಾದದ್ದು.

‘ಮೊದಲನೇದು ಹೋಟೆಲ್ ತೋಟದಲ್ಲಿ ಆಗಿದ್ದಮ್ಮ. ಚರ್ಚಲ್ಲಿ ಆಗಿಲ್ಲ ಅಂದ್ಮೇಲೆ ಅದು ಮದುವೇನೇ ಅಲ್ಲ.’

‘ಎರಡನೇದು?’

‘ಅದು ಹಡಗಿನ ಮೇಲೆ.’

‘ಅಯ್ಯೋ ಪಾಪ, ಹಂಗಾದ್ರೆ ಆ ಹುಡುಗಿಗೆ ಇನ್ನೂ ಮದುವೇನೇ ಆಗಿಲ್ಲ ಅನ್ನಿ.’ ಹಿರಿಯಮ್ಮನ ದನಿಯಲ್ಲಿ ನಿಜವಾದ ಮರುಕವಿತ್ತು. ಆಮೇಲೆ ಬಿಸ್ಕತ್ತು ಅದ್ದುತ್ತಾ ಕೇಳಿದರು, ‘ಈಗ ಜೊತೇಲಿರೋರು?’

‘ಅವರು ಮ್ಯಾನೇಜರು.’

ಕೆಲಸ ಮುಗಿಯಿತು. ಒಂದು ಲೋಟ ಚಹಾ ಆರುವುದರೊಳಗೆ ಎರಡು ಮದುವೆ, ಎರಡು ವಿಚ್ಛೇದನ, ಒಬ್ಬ ಮ್ಯಾನೇಜರು, ಎಲ್ಲವೂ ಚುಕ್ತಾ. ಅಕ್ಕ ಮಾಡಿದ ತಪ್ಪು ಏನೆಂದು ನನಗೆ ಆಗ ಅರ್ಥವಾಯಿತು. ಅವಳು ನಮ್ಮ ಚರ್ಚಿನಲ್ಲೇ, ಇದೇ ಬಲಿಪೀಠದ ಮುಂದೆ, ಇದೇ ಹಿರಿಯಮ್ಮನ ಹಾಡಿನೊಂದಿಗೆ, ನಾನೇ ಹಿಡಿಸಿದ ಮೈಕಿನಲ್ಲಿ ‘ಒಪ್ಪಿದ್ದೇನೆ’ ಎಂದು ಮದುವೆಯಾದಳು. ಎಲ್ಲವನ್ನೂ ಸರಿಯಾಗಿ ಮಾಡಿ ಸಿಕ್ಕಿಬಿದ್ದಳು. ಮೊದಲೇ ಗೊತ್ತಿದ್ದರೆ ಸಾಲಸೋಲ ಮಾಡಿಯಾದರೂ ಒಂದು ಹಡಗು ಗೊತ್ತುಮಾಡುತ್ತಿದ್ದೆ.

ಸಮಾರಂಭದ ಹಿಂದಿನ ಸಂಜೆ ನಟಿಗೆ ಓದುವ ಅಭ್ಯಾಸ ಮಾಡಿಸಬೇಕಿತ್ತು. ಆ ವಾಚನದಲ್ಲಿ ಹಳೆಯ ಕಾಲದ ಊರುಗಳ, ರಾಜರ ಹೆಸರುಗಳು, ನಾಲಿಗೆಗೆ ತೊಡರುವಂಥವು. ಯಾರನ್ನು ಕರೆಯುವುದು? ಕಾರ್ಯದರ್ಶಿಗಳು ಅಕ್ಕನಿಗೆ ಫೋನ್ ಮಾಡಿದರು. ‘ನೀನು ಹೇಗೂ ಈಗ ಖಾಲಿ ಇದೀಯಲ್ಲಮ್ಮ’ ಅಂದರು. ಇದು ನಿಮಗೆ ತಿಳಿದೇ ನಡೆಯಿತೋ, ತಿಳಿಯದೆಯೋ, ನನಗೆ ಗೊತ್ತಿಲ್ಲ. ಎರಡರಲ್ಲಿ ಯಾವುದು ವಾಸಿ ಎಂದೂ ಗೊತ್ತಾಗುತ್ತಿಲ್ಲ. ನಾನು ಹೋಗಬೇಡ ಅಂದೆ, ಗಲಾಟೆಯಾದರೆ ಎಂಬ ಹೆದರಿಕೆಗೆ. ಅಕ್ಕ ಹೋದಳು.

ನಟಿ ಒಳ್ಳೆಯವರು, ಅದನ್ನು ಬರೆಯದಿದ್ದರೆ ತಪ್ಪಾಗುತ್ತದೆ. ಕಪ್ಪು ಕನ್ನಡಕ ತೆಗೆದು ಮೊದಲು ಮಂಡಿಯೂರಿದರು, ಫೋಟೊದವರು ಇರಲಿಲ್ಲ. ಆಮೇಲೆ ಓದಿದರು. ಮೂರನೇ ಸಾಲಿಗೆ ದನಿ ನಡುಗಿತು, ನಾಲ್ಕನೆಯದಕ್ಕೆ ಕಣ್ಣು ತುಂಬಿತು. ಅಕ್ಕ ಹತ್ತಿರ ಹೋಗಿ ತಗ್ಗಿದ ದನಿಯಲ್ಲಿ, ‘ಮೇಡಂ, ಇಲ್ಲಿ ಅಳೋದು ಬೇಡ. ಇದು ಊರಿನ ಹೆಸರು’ ಅಂದಳು. ಆಕೆ ನಕ್ಕರು, ತಮ್ಮನ್ನು ತಾವೇ ನೋಡಿ ನಗುವವರ ಹಾಗೆ. ನೀವೊಂದು ಸಲ ಓದಿ ತೋರಿಸಿ ಎಂದರು. ಅಕ್ಕ ಓದಿದಳು. ಖಾಲಿ ಚರ್ಚು. ಹೂವಿನ ಕುಂಡ ಹಿಡಿದು ನಿಂತಿದ್ದ ಕಾರ್ಯದರ್ಶಿಗಳು ಕುಂಡ ಕೆಳಗಿಡಲು ಮರೆತರು.

ನಟಿ ಸುಮ್ಮನೆ ಕೇಳಿದರು: ‘ಇಷ್ಟು ಚೆನ್ನಾಗಿ ಓದ್ತೀರಲ್ಲ. ನಾಳೆ ನೀವೇ ಯಾಕೆ ಓದಬಾರದು?’

ಅಕ್ಕ ಕಾರ್ಯದರ್ಶಿಗಳ ಕಡೆ ನೋಡಿದಳು. ಅವರು ಹೂವಿನ ಕಡೆ ನೋಡಿದರು. ‘ನನಗೆ ಗಂಟಲು ಸರಿಯಿಲ್ಲ ಮೇಡಂ’ ಅಂದಳು ಅಕ್ಕ. ಪರೀಕ್ಷೆಗೆಂದು ನಾನು ಮೈಕ್ ಏರಿಸಿಟ್ಟಿದ್ದೆ. ಆ ಸುಳ್ಳು ಅಷ್ಟೂ ಸ್ಪೀಕರುಗಳಲ್ಲಿ ಹೊರಟು, ಚಾವಣಿಗೆ ಬಡಿದು, ನಿಧಾನವಾಗಿ ಕೆಳಗಿಳಿಯಿತು. ಚರ್ಚಿನ ಮಾನ ಉಳಿಸಲು ಚರ್ಚಿನೊಳಗೆ ಹೇಳಿದ ಸುಳ್ಳು. ಇದನ್ನು ಪಾಪನಿವೇದನೆಯಲ್ಲಿ ಯಾರು ಹೇಳಿಕೊಳ್ಳಬೇಕು, ಅವಳೋ, ನಾವೋ?

ಮಾರನೆಯ ದಿನದ್ದನ್ನು ನೀವೇ ನೋಡಿದ್ದೀರಿ. ನಟಿ ಓದಿದರು, ಚೆನ್ನಾಗಿಯೇ ಓದಿದರು. ಒಂದೇ ಒಂದು ಪದವೂ ಯಾರ ಕಿವಿಗೂ ಬೀಳಲಿಲ್ಲ, ಎಲ್ಲರೂ ಫೋನ್ ಎತ್ತಿ ಹಿಡಿದಿದ್ದರು. ಶಾಂತಿ ಹಂಚಿಕೊಳ್ಳುವ ಹೊತ್ತಿನಲ್ಲಿ ಪಕ್ಕದವರ ಕೈ ಬಿಟ್ಟು ಮೂರು ಬೆಂಚು ದಾಟಿ ನಟಿಯ ಕೈ ಹಿಡಿಯಲು ಓಡಿದರು. ಪರಮಪ್ರಸಾದಕ್ಕೆ ಅವರಿದ್ದ ಸಾಲಿಗೇ ಜನ ಮುಗಿಬಿದ್ದು, ಎಡಗಡೆಯ ಸಾಲಿನಲ್ಲಿ ಪಾತ್ರೆ ಹಿಡಿದ ಸಿಸ್ಟರ್ ಒಬ್ಬರೇ ನಿಂತಿದ್ದರು. ಯೇಸುಸ್ವಾಮಿ ಎರಡೂ ಸಾಲಿನಲ್ಲಿ ಒಬ್ಬರೇ ಎಂದು ನಮಗೆ ಧರ್ಮೋಪದೇಶದಲ್ಲಿ ಕಲಿಸಿದ್ದು ಮರೆತುಹೋಯಿತೇ? ನಿಮ್ಮ ಪ್ರಬೋಧನೆ ಮಾತ್ರ ಬಹಳ ಚೆನ್ನಾಗಿತ್ತು. ಒಡೆದ ಸಂಸಾರಗಳನ್ನು ಧರ್ಮಸಭೆ ತಾಯಿಯಂತೆ ಎದೆಗೊತ್ತಿಕೊಳ್ಳಬೇಕು, ಅವರ ಗಾಯ ನೋಡಬೇಕೇ ಹೊರತು ಕಲ್ಲು ಹುಡುಕಬಾರದು ಎಂದಿರಿ. ಮೊದಲ ಸಾಲಿನಲ್ಲಿ ನಟಿ ತಲೆದೂಗುತ್ತಿದ್ದರು. ಕೊನೆಯ ಸಾಲಿನಲ್ಲಿ, ನನ್ನ ಪೆಟ್ಟಿಗೆಯ ಪಕ್ಕ ಕೂತಿದ್ದ ಅಕ್ಕ ನನ್ನ ಕಡೆ ಬಾಗಿ ಕೇಳಿದಳು: ‘ಫಾದರ್ ಇದನ್ನ ಯಾರಿಗೆ ಹೇಳ್ತಾ ಇದ್ದಾರೋ?’

ನಾನು ಗುಂಡಿಗಳತ್ತ ತಿರುಗಿ, ಸರಿಯಿದ್ದ ಸದ್ದನ್ನೇ ಮತ್ತೆ ಸರಿಮಾಡಿದೆ. ಅದೇ ಕೊನೆ, ಅವಳು ಚರ್ಚಿಗೆ ಬರುತ್ತಿಲ್ಲ. ಭಾನುವಾರ ಬೆಳಿಗ್ಗೆ ಬಚ್ಚಲಲ್ಲಿ ಬಟ್ಟೆ ನೆನೆಸಿ ಕೂರುತ್ತಾಳೆ, ಘಂಟೆಯ ಸದ್ದು ಕೇಳದಷ್ಟು ಜೋರಾಗಿ ಒಗೆಯುತ್ತಾಳೆ. ಅಮ್ಮ ಕೈಮುಗಿದು ಕರೆದಳು. ಅದಕ್ಕೆ ಅಕ್ಕ ಹೇಳಿದ್ದು: ‘ಅಲ್ಲಿ ಹೋದ್ರೆ ಎಲ್ರೂ ನನ್ನ ಕ್ಷಮಿಸ್ತಾ ಇದ್ದಾರೇನೋ ಅನ್ಸುತ್ತಮ್ಮ. ನಾನೇನು ಮಾಡಿದೀನಿ?’

ಗುರುಗಳೇ, ನಟಿಯ ಚಿತ್ರ ಇಳಿಸಿ ಎಂದು ನಾನು ಕೇಳುತ್ತಿಲ್ಲ. ಅಂಥ ಬೇಡಿಕೆ ಇಡುವವರು ನಮ್ಮಲ್ಲಿ ಬೇರೆ ಇದ್ದಾರೆ. ನಾಳೆ ಆಕೆಯ ಸಿನಿಮಾ ಸೋತರೆ ಅವರೇ ಏಣಿ ತರುತ್ತಾರೆ. ಆಕೆಯ ಬದುಕಿನ ಕಷ್ಟ ನಮಗೇನು ಗೊತ್ತು? ಆಕೆಗೆ ತೋರಿಸಿದ ಕರುಣೆಯಲ್ಲಿ ಒಂದು ಚಿಟಿಕೆಯೂ ಕಡಿಮೆಯಾಗುವುದು ಬೇಡ. ನನ್ನ ಆಶ್ಚರ್ಯ ಬೇರೆಯದು. ಅಷ್ಟು ದೊಡ್ಡ ಮನಸ್ಸು ನಮ್ಮ ಚರ್ಚಿನಲ್ಲಿ ಇತ್ತೆಂದೇ ನನಗೆ ತಿಳಿದಿರಲಿಲ್ಲ. ಇಲ್ಲದಿದ್ದರೆ ಇಲ್ಲ ಎಂದುಕೊಂಡು ಸುಮ್ಮನಿರುತ್ತಿದ್ದೆವು. ಇದೆಯಲ್ಲ, ದಾಸ್ತಾನು ಬೇಕಾದಷ್ಟಿದೆಯಲ್ಲ; ಪೋಸ್ಟರಿನಲ್ಲಿ ಮುಖ ಬಂದವರಿಗೆ ಮಾತ್ರ ಬೀಗ ತೆಗೆಯುವುದೇಕೆ? ಇದನ್ನು ಕೇಳಲು ನಾನು ಎರಡು ಸಲ ನಿಮ್ಮ ಕಚೇರಿಗೆ ಬಂದೆ. ಒಂದು ಸಲ ಸ್ಪೀಕರ್ ಕೆಟ್ಟಿದೆಯಾ ಎಂದಿರಿ, ಇನ್ನೊಂದು ಸಲ ಜುಬಿಲಿಯ ಆಲ್ಬಂ ತೋರಿಸಿದಿರಿ. ಅದಕ್ಕೇ ಪೇಪರಿಗೆ ಬರೆಯಬೇಕಾಯಿತು.

ನನ್ನ ಬೇಡಿಕೆ ಚಿಕ್ಕದು. ನಮ್ಮ ಮನೆ ಮೂರನೇ ಮಹಡಿ, ಲಿಫ್ಟ್ ಇಲ್ಲ, ನೀವು ನಿಧಾನಕ್ಕೇ ಹತ್ತಿ. ಕಾರ್ಯದರ್ಶಿಗಳನ್ನು ಕಳಿಸಬೇಡಿ, ಫೋನ್ ಬೇಡ. ಬಾಗಿಲ ಹತ್ತಿರ ನಿಲ್ಲಿಸಿ ಹೇಳಿದ ಮಾತನ್ನು ನಿಮ್ಮ ಬಾಯಿಂದಲೇ ವಾಪಸ್ ತೆಗೆದುಕೊಳ್ಳಿ, ಓದಲು ಕರೆಯಿರಿ. ಕ್ಷಮಿಸಿದ್ದೇವೆ ಎಂದು ಮಾತ್ರ ಅನ್ನಬೇಡಿ. ಇಲ್ಲ, ಅವಳು ಓದಬಾರದೆಂಬ ನಿಯಮ ನಿಜವಾಗಿಯೂ ಇದೆ ಎಂದಾದರೆ, ಭಾನುವಾರ ಎಲ್ಲರೆದುರು ಅದನ್ನು ಓದಿ ಹೇಳಿ. ಹಿಂದಿನ ಬೆಂಚಿನವರೆಗೆ ಸ್ಪಷ್ಟವಾಗಿ ಕೇಳಿಸುವ ಹೊಣೆ ನನ್ನದು.

ಹೇಳದೆ ಕೇಳದೆ ಹಾಕಿದರೆ ಅಕ್ಕನಿಗೆ ಇನ್ನೊಂದು ಅನ್ಯಾಯವಾದೀತೆಂದು ಹೆದರಿ ಈ ಪತ್ರವನ್ನು ಅವಳ ಕೈಗೆ ಕೊಟ್ಟೆ. ಒದ್ದೆ ಕೈ ಸೆರಗಿಗೆ ಒರೆಸಿಕೊಂಡು, ಅಡುಗೆಮನೆಯ ಬಾಗಿಲಲ್ಲೇ ನಿಂತು ಓದತೊಡಗಿದಳು. ಮೊದಲು ಮನಸ್ಸಿನಲ್ಲಿ, ಎರಡನೇ ಪುಟದಿಂದ ಗಟ್ಟಿಯಾಗಿ, ನಿಲ್ಲಿಸಬೇಕಾದಲ್ಲಿ ನಿಲ್ಲಿಸಿ, ಏರಿಸಬೇಕಾದಲ್ಲಿ ಏರಿಸಿ. ಅಮ್ಮ ಟೀವಿ ಆರಿಸಿದಳು. ಮುಗಿದ ಮೇಲೆ ಅಕ್ಕ ಹಾಳೆಗಳನ್ನು ಜೋಡಿಸಿ ವಾಪಸ್ ಕೊಟ್ಟಳು. ‘ಹಾಕು. ಆದ್ರೆ ನಾನು ಬರ್ತೀನಿ ಅಂತ ಮಾತ್ರ ಬರೀಬೇಡ’ ಅಂದಳು.

ಆದ್ದರಿಂದ ಬರೆಯುತ್ತಿಲ್ಲ. ನೀವು ಬಂದು ಬಾಗಿಲು ತಟ್ಟಿ, ಅವಳನ್ನೇ ಕೇಳಿ.

ಇಂತಿ,
ಹೆದರಿಕೆಯಾದರೆ ವಾಪಸ್ ತೆಗೆಯಲು ಟಪಾಲು ಡಬ್ಬಿಯ ಬಾಯಿ ಕೈ ಹೋಗುವಷ್ಟು ಅಗಲವಿದೆಯೇ ಎಂದು ಹಾಕುವ ಮೊದಲೇ ನೋಡಿಕೊಂಡ,
ನಿಮ್ಮ ಚರ್ಚಿನ ಮೈಕಿನವನು