ಮಾರ್ಚ್‌ನಲ್ಲಿ ತಿರುಗಿದ ಟರ್ಬೈನ್

ಹಸಿರು ವಿದ್ಯುತ್ ಯೋಜನೆಯ ಮುಖ್ಯಸ್ಥರಾದ ಮಾನ್ಯರೇ,

ಜಾವಳಿಯ ನಮ್ಮ ಹಳ್ಳದ ದಂಡೆಯಲ್ಲಿ ನಿಮ್ಮ ಹೆಸರು ಕೆತ್ತಿದ ಉದ್ಘಾಟನೆಯ ಕಲ್ಲಿದೆಯಲ್ಲ, ಅದರ ಮೇಲಿನ ದೀಪದ ವಯರು ಕತ್ತರಿಸಿದವನು ನಾನೇ. ಹುಡುಕಲು ಜೀಪು ಕಳಿಸುವ ತೊಂದರೆ ತೆಗೆದುಕೊಳ್ಳಬೇಡಿ. ಹಳ್ಳ ಒಣಗಿದ್ದಾಗ ನಮ್ಮನ್ನು ಕೆಲಸಕ್ಕೆ ಸೇರಿಸಿಕೊಂಡಿರಿ, ಹಳ್ಳ ತುಂಬುವ ಮೊದಲೇ ಮನೆಗೆ ಅಟ್ಟಿದಿರಿ. ನನ್ನ ದೂರು ಇಷ್ಟೇ.

ನಿಮ್ಮ ಕಚೇರಿಯಲ್ಲಿ ಈ ಪತ್ರ ಓದುವ, ವಿಷಯ ಗೊತ್ತಿಲ್ಲದವರಿಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ, ನಿಮಗೂ ಉಪಯೋಗವಾದೀತು. ಮಳೆಗಾಲದಲ್ಲಿ ನಮ್ಮ ಕಡೆ ಲೈನಿನ ಮೇಲೆ ಮರ ಬಿದ್ದರೆ ಕರೆಂಟು ಮರಳಿ ಬರಲು ವಾರ ಬೇಕು. ಅದೇ ಹೊತ್ತಿಗೆ ಹಳ್ಳ ಉಕ್ಕಿ ಹರಿಯುತ್ತಿರುತ್ತದೆ. ಆ ನೀರನ್ನು ಪೈಪಿನಲ್ಲಿ ಗುಡ್ಡದಿಂದ ಇಳಿಸಿ ಸಣ್ಣ ಟರ್ಬೈನ್ ತಿರುಗಿಸಿದರೆ ಇಡೀ ಕೇರಿಗೆ ಬೆಳಕು. ಒಳ್ಳೆಯ ಯೋಜನೆ, ಅದಕ್ಕೆ ನನ್ನ ತಕರಾರಿಲ್ಲ. ತಕರಾರಿರುವುದು ನಿಮ್ಮ ಕ್ಯಾಲೆಂಡರಿನ ಬಗ್ಗೆ. ಹಣ ಬರುವುದು ಫೆಬ್ರವರಿಯಲ್ಲಿ, ಮಾರ್ಚ್ ಮುಗಿಯುವುದರೊಳಗೆ ಖರ್ಚಾಗದಿದ್ದರೆ ವಾಪಸು. ಹಾಗಾಗಿ ಹಸಿರು ಉದ್ಯೋಗವೆಂಬುದು ಹುಟ್ಟುವುದೂ ಸಾಯುವುದೂ ಬೇಸಗೆಯಲ್ಲೇ. ಹಳ್ಳಕ್ಕೆ ನಿಮ್ಮ ಆರ್ಥಿಕ ವರ್ಷ ಗೊತ್ತಿಲ್ಲ, ಪಾಪ, ಅದೂ ನನ್ನ ಹಾಗೆ ಶಾಲೆ ಬಿಟ್ಟಿದ್ದು.

ಬಣಕಲ್, ಜಾವಳಿ ಕಡೆಯ ಆರು ಹುಡುಗರನ್ನು ತೆಗೆದುಕೊಂಡಿರಿ. ಹತ್ತನೇ ತರಗತಿ ಮುಗಿಸದ ನನಗೂ ಕೊರಳಿಗೆ ಗುರುತಿನ ಚೀಟಿ ಸಿಕ್ಕಿತು. ಅವ್ವ ಅದನ್ನು ಸೆರಗಿನಿಂದ ಒರೆಸಿ ಒರೆಸಿ ನೋಡಿದಳು. ಕಟ್ಟೆ ಕಟ್ಟಿದೆವು, ಪೈಪು ಎಳೆದೆವು. ಉದ್ಘಾಟನೆಯ ದಿನ ಬಂತು, ಹಳ್ಳದಲ್ಲಿ ಒಂದು ಚೊಂಬು ನೀರಿಲ್ಲ. ಗುತ್ತಿಗೆದಾರ ಧರ್ಮೇಶಣ್ಣ ಸುಮ್ಮನೆ ಕೂರುವವರಲ್ಲ. ಕಾಫಿ ಹೂವಿಗೆ ಸ್ಪ್ರಿಂಕ್ಲರ್ ಹಾರಿಸಲು ಸೋಮಶೇಖರಪ್ಪನವರ ತೋಟದಲ್ಲಿ ಇಟ್ಟಿದ್ದ ಡೀಸೆಲ್ ಪಂಪನ್ನು ಕೇಳಿ ತಂದು, ಅವರ ಕೆರೆಯ ನೀರನ್ನು ಗುಡ್ಡದ ಮೇಲಕ್ಕೆ ಎತ್ತಿಸಿ ನಮ್ಮ ಪೈಪಿಗೆ ಬಿಟ್ಟರು. ಟರ್ಬೈನ್ ತಿರುಗಿತು. ಡೀಸೆಲ್ ಸುಟ್ಟು ಮಾಡಿದ ಹಸಿರು ವಿದ್ಯುತ್ತನ್ನು ಈ ನಾಡು ಬೇರೆಲ್ಲಿ ಕಂಡಿದೆ?

ನೆನಪಿದೆಯೇ? ಪೈಪಿನ ಪಕ್ಕ ನಿಂತಿದ್ದ ನನ್ನನ್ನು ನೀವೇ ಕೇಳಿದಿರಿ:

"ಬೇಸಿಗೇಲೂ ಇಷ್ಟ್ ನೀರಾ! ಎಲ್ಲಿಂದ ಬರುತ್ತಪ್ಪ?"

"ಸೋಮಶೇಖರಪ್ಪ ಅವ್ರ ಕೆರೆಯಿಂದ ಸಾರ್. ಡೀಸೆಲ್ ಪಂಪಲ್ಲಿ."

ಧರ್ಮೇಶಣ್ಣನಿಗೆ ಕೆಮ್ಮು ಬಂತು. ನೀವು "ಹುಡುಗ ತಮಾಷೆ ಮಾಡ್ತಾನೆ" ಎಂದು ನಕ್ಕು ಸ್ವಿಚ್ ಒತ್ತಿದಿರಿ. ಚಪ್ಪಾಳೆ ಬಿತ್ತು. ನಿಮ್ಮ ಜೀಪು ತಿರುವು ದಾಟಿದ ಮೇಲೆ ಧರ್ಮೇಶಣ್ಣ ನನ್ನ ಹತ್ತಿರ ಬಂದರು. "ಹರಿಶ್ಚಂದ್ರನ ಮೊಮ್ಮಗ ಕಣೋ ನೀನು! ಆ ಬಾಯಿಗೊಂದು ಗೇಟ್ ವಾಲ್ವ್ ಇಟ್ಕೊಳಕ್ಕೆ ಆಗಲ್ವಾ ಮಾರಾಯ?"

ಕೆಲಸ ಹೋಯಿತು. ನಿಜ ಹೇಳಿದ್ದಕ್ಕೆ ಹೋಯಿತೆಂದೇ ಎಣಿಸಿದ್ದೆ. ನೋಡಿದರೆ ಬಾಯಿ ಮುಚ್ಚಿಕೊಂಡಿದ್ದ ಐವರಿಗೂ ಹೋಗಿತ್ತು. ಮಾರ್ಚ್ ಮುಗಿದಿತ್ತು, ಅಷ್ಟೇ. ಯಂತ್ರಕ್ಕೆ ಅನುದಾನವಿದೆಯಂತೆ, ಯಂತ್ರ ನೋಡಿಕೊಳ್ಳುವವನಿಗೆ ಇಲ್ಲವಂತೆ. ಹಸು ಕೊಂಡವರು ಹುಲ್ಲಿಗೆ ಬೇರೆ ಯೋಜನೆ ಬರಲಿ ಎಂದು ಕಾಯುತ್ತಾರೆಯೇ?

ಜೂನ್‌ನಲ್ಲಿ ನಿಜವಾದ ನೀರು ಬಂತು. ಜೊತೆಗೆ ಕಾಡಿನ ಎಲೆಯೆಲ್ಲ ಬಂದು ಪೈಪಿನ ಬಾಯಿಗೆ ಮೆತ್ತಿಕೊಂಡಿತು. ಕೇರಿ ಕತ್ತಲಾಯಿತು. ನಮ್ಮ ಕೇರಿಯ ಹಿರಿಯಳು ಸಿದ್ದಮ್ಮಜ್ಜಿ ಬಾಗಿಲಿಗೇ ಬಂದಳು.

"ಏ ಯೋಗೇಶ, ಸರ್ಕಾರದ ಅಳಿಯ! ನಿನ್ ಮಿಷನ್ ಮಲಗಿದೆ, ಎಬ್ಸು ಬಾ."

"ನನ್ನ ಕೆಲಸದಿಂದ ತೆಗ್ದಿದಾರೆ ಅಜ್ಜಿ."

"ನಿನ್ನ ತೆಗೆದ್ರೆ ಎಲೆ ಉದುರೋದು ಬಿಡ್ತದಾ?"

ಉತ್ತರ ನಿಮ್ಮಲ್ಲಿದ್ದರೆ ತಿಳಿಸಿ. ಅಂದಿನಿಂದ ದಿನಾ ಹಳ್ಳಕ್ಕಿಳಿದು, ಕಾಲಿಗೆ ಹತ್ತುವ ಉಂಬಳಗಳಿಗೆ ರಕ್ತ ಕೊಟ್ಟು, ಸಂಬಳವಿಲ್ಲದೆ ಎಲೆ ತೆಗೆಯುತ್ತಿದ್ದೇನೆ. ಕೇರಿಯ ಎಲ್ಲ ಮನೆಗಳಲ್ಲೂ ಬೆಳಕಿದೆ. ನಿಮ್ಮ ಹೆಸರಿನ ಮೇಲೆ ಮಾತ್ರ ಇಲ್ಲ. ಪುಕ್ಕಟೆ ದುಡಿಯುವವನಿಗೆ ಇಷ್ಟಾದರೂ ಸಂತೋಷ ಬೇಡವೇ?

ಮೊನ್ನೆ ಧರ್ಮೇಶಣ್ಣ ಫೋನ್ ಮಾಡಿದ್ದರು. ಮುಂದಿನ ವರ್ಷದ ಹಣ ಮಂಜೂರು ಮಾಡುವ ಮೊದಲು ಬೆಂಗಳೂರಿನಿಂದ ತಂಡವೊಂದು ನೋಡಲು ಬರುತ್ತದಂತೆ. ಆರು ಮಂದಿಗೆ ಕಾಯಂ ಉದ್ಯೋಗ ಕೊಟ್ಟಿದ್ದೇವೆಂದು ನೀವು ವರದಿ ಬರೆದಿದ್ದೀರಂತೆ. "ಒಂದ್ ದಿನದ ಮಟ್ಟಿಗೆ ಬಾರೋ. ಆ ದೀಪ ಹಚ್ಚು, ಕೊರಳಿಗೆ ಕಾರ್ಡ್ ಹಾಕ್ಕೊಂಡು ನಿಂತ್ಕೊ. ಸಾಹೇಬ್ರ ಮರ್ಯಾದೆ ಪ್ರಶ್ನೆ ಮಾರಾಯ."

ಒಂದು ದಿನದ ಉದ್ಯೋಗ ನನಗೆ ಬೇಡ. ಪೈಪಿಗೆ, ಕಲ್ಲಿಗೆ, ಹಾರಕ್ಕೆ ಸುರಿಯುವ ಹಣದಲ್ಲಿ ಪ್ರತಿ ಟರ್ಬೈನಿಗೂ ಮಳೆಗಾಲ ಪೂರ್ತಿ ಒಬ್ಬ ಆಳಿನ ಸಂಬಳ ತೆಗೆದಿಡಿ. ನೀವೇ ವರದಿಯಲ್ಲಿ ಬರೆದ ಹಾಗೆ ನಮ್ಮ ಆರೂ ಜನರ ನೇಮಕದ ಆದೇಶವನ್ನು ಆ ತಂಡ ಬರುವ ಮೊದಲು ಕಳಿಸಿ. ಆದೇಶ ಬಂದ ದಿನ ನಿಮ್ಮ ಕಲ್ಲಿನ ದೀಪ ನಾನೇ ಹಚ್ಚುತ್ತೇನೆ.

ಬಾರದಿದ್ದರೂ ನಾನು ತಪ್ಪಿಸಿಕೊಳ್ಳುವುದಿಲ್ಲ. ಕಾರ್ಡ್ ಹಾಕಿಕೊಂಡು ಅದೇ ಪೈಪಿನ ಪಕ್ಕ ನಿಂತಿರುತ್ತೇನೆ. ನಾನಾಗಿ ಒಂದು ಮಾತೂ ಆಡುವುದಿಲ್ಲ. ಅವರು ಕೇಳಿದ್ದಕ್ಕೆ ಮಾತ್ರ ಉತ್ತರಿಸುತ್ತೇನೆ.

ಇಂತಿ,
ನಿಮ್ಮ ವರದಿಯಲ್ಲಿ ಇನ್ನೂ ಕೆಲಸದಲ್ಲಿರುವ
ಯೋಗೇಶ್, ಜಾವಳಿ