ನನ್ನ ಅಂದದ ಅಕ್ಷರ, ನನ್ನ ಹೆಂಡತಿಗೆ ಸಿಗದ ಪಂಪು

ಮಾನ್ಯ ವೈದ್ಯಕೀಯ ಉಪಕರಣ ಮಂಜೂರಾತಿ ಅಧಿಕಾರಿಗಳೇ,

ನನ್ನ ಹೆಂಡತಿಗೆ ಬೇಕಾದ ಇನ್ಸುಲಿನ್ ಪಂಪು ಮತ್ತು ಸಕ್ಕರೆಯನ್ನು ಬಿಡದೆ ಅಳೆಯುವ ಸೆನ್ಸರ್, ಎರಡರ ಅರ್ಜಿಯನ್ನೂ ತಾವು ತಿರಸ್ಕರಿಸಿದ್ದೀರಿ. ಅವಳ ಕಾಯಿಲೆ ಸಾಲದು ಎಂದಲ್ಲ, ನನ್ನ ಅಕ್ಷರ ಅತಿಯಾಗಿ ಚೆನ್ನಾಗಿದೆ ಎಂದು. ತಮ್ಮ ಪತ್ರದ ಮಾತುಗಳನ್ನೇ ಕೊಡುತ್ತೇನೆ: "ಸಲ್ಲಿಸಲಾದ ತೊಂಬತ್ತು ದಿನಗಳ ಸಕ್ಕರೆ ದಾಖಲೆಯು ಒಂದೇ ಕೈಬರಹ ಹಾಗೂ ಒಂದೇ ಶಾಯಿಯಲ್ಲಿದ್ದು, ಒಂದೇ ಬಾರಿಗೆ ಕುಳಿತು ಸೃಷ್ಟಿಸಿದಂತೆ ಕಂಡುಬರುವುದರಿಂದ ನಂಬಲರ್ಹವಲ್ಲ. ಆರು ತಿಂಗಳ ನಂತರ ಹೊಸದಾಗಿ ಅರ್ಜಿ ಸಲ್ಲಿಸಬಹುದು."

ನಾನು ಇಪ್ಪತ್ತಾರು ವರ್ಷಗಳಿಂದ ಒಂದು ಮುದ್ರಣಾಲಯದಲ್ಲಿ ಪ್ರಮಾಣಪತ್ರಗಳ ಮೇಲೆ ಹೆಸರು ಬರೆಯುವವನು. ಓಟದಲ್ಲಿ ಗೆದ್ದವರು, ಪದವಿ ಪಡೆದವರು, ರಕ್ತ ಕೊಟ್ಟವರು, ಎಲ್ಲರ ಹೆಸರೂ ನನ್ನ ಕೈ ದಾಟಿ ಹೋಗಿದೆ. ಇದುವರೆಗೆ ಬಹಳ ಜನ ನನ್ನ ಅಕ್ಷರವನ್ನು ಹೊಗಳಿದ್ದಾರೆ. ಅದನ್ನೇ ಅಪರಾಧದ ಪುರಾವೆ ಎಂದು ಎತ್ತಿ ಹಿಡಿದವರು ತಾವೊಬ್ಬರೇ. ಇನ್ನೊಮ್ಮೆ ಅಂಥ ಗೌರವ ಬೇಡವೆಂದು ಈ ಪತ್ರವನ್ನು ಟೈಪ್ ಮಾಡಿಸಿ ತಮಗೂ ಪತ್ರಿಕೆಗೂ ಕಳಿಸಿದ್ದೇನೆ. ತಮ್ಮ ಪತ್ರ ಓದಿದಾಗ ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಮಡಚಿ ಜೇಬಿಗಿಟ್ಟು, ಅರ್ಧಕ್ಕೆ ನಿಂತಿದ್ದ ಯಾರದೋ ಹೆಸರನ್ನು ಬರೆದು ಮುಗಿಸಿದೆ. ಮೂರು ವಾರವಾಯಿತು, ಒಳಗೆಲ್ಲ ಮರಗಟ್ಟಿದಂತಿದೆ. ಆ ಸ್ಥಿತಿಯಲ್ಲೇ ಬರೆಯುತ್ತಿದ್ದೇನೆ.

ನನ್ನ ಹೆಂಡತಿ ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಕಟಿಂಗ್ ಮಾಸ್ಟರ್. ಹತ್ತೊಂಬತ್ತನೆಯ ವಯಸ್ಸಿನಿಂದ ಇನ್ಸುಲಿನ್ ಚುಚ್ಚಿಕೊಳ್ಳುತ್ತಿದ್ದಾಳೆ. ದಿನಕ್ಕೆ ನಾಲ್ಕು ಸೂಜಿ, ರಕ್ತ ಪರೀಕ್ಷೆಗೆ ಬೆರಳಿಗೆ ಎಂಟು ಚುಚ್ಚು. ಮೊದಲೆಲ್ಲ ಸಕ್ಕರೆ ಇಳಿಯುತ್ತಿದ್ದಂತೆ ಅವಳಿಗೇ ತಿಳಿಯುತ್ತಿತ್ತು. ಕೈ ನಡುಗುತ್ತಿತ್ತು, ಬೆವರು ಬರುತ್ತಿತ್ತು, ಡಬ್ಬಿಯಿಂದ ಸಕ್ಕರೆ ತೆಗೆದು ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಎರಡು ವರ್ಷಗಳಿಂದ ಆ ಸೂಚನೆಗಳು ನಿಂತುಹೋಗಿವೆ. ಮತ್ತೆ ಮತ್ತೆ ಸಕ್ಕರೆ ಇಳಿದ ದೇಹ ಎಚ್ಚರಿಸುವುದನ್ನೇ ಬಿಟ್ಟುಬಿಡುತ್ತದೆ ಎಂದು ವೈದ್ಯರು ಹೇಳಿದರು.

ಏಳು ತಿಂಗಳ ಹಿಂದೆ ಒಂದು ಮಧ್ಯಾಹ್ನ ಅವಳು ಅರುವತ್ತು ಪದರ ನೀಲಿ ಬಟ್ಟೆಯನ್ನು ವಿದ್ಯುತ್ ಕತ್ತರಿಯಲ್ಲಿ ಕತ್ತರಿಸುತ್ತಿದ್ದಳು. ಪಕ್ಕದ ಮೇಜಿನಲ್ಲಿ ಇಸ್ತ್ರಿ ಮಾಡುವ ಹೆಂಗಸೊಬ್ಬರಿದ್ದಾರೆ, ಎಲ್ಲರಿಗೂ ಅವರು ಇಸ್ತ್ರಿ ಅಕ್ಕ. ಕತ್ತರಿ ಚಾಕ್ ಗೆರೆ ಬಿಟ್ಟು ಅಡ್ಡ ಹೋಗುತ್ತಿದ್ದುದನ್ನು ಅವರು ಕಂಡರು.

"ಏನಮ್ಮಾ, ಗೆರೆ ಬಿಟ್ಟು ಎಲ್ಲಿಗೆ ಹೊರಟೆ?"

"ಎಲ್ಲಿ ಬಿಟ್ಟಿದೀನಿ? ಸರಿಯಾಗೇ ಹೋಗ್ತಿದೀನಲ್ಲ."

ಸರಿಯಾಗಿಯೇ ಹೋಗಿ ಅದು ಅವಳ ಎಡಗೈಗೆ ತಾಕಿತು. ಉಕ್ಕಿನ ಬಲೆಯ ಕೈಗವಸು ಇದ್ದುದರಿಂದ ಬೆರಳುಗಳು ಉಳಿದವು. ಇಸ್ತ್ರಿ ಅಕ್ಕ ಸ್ವಿಚ್ಚು ಆರಿಸಿ, ಅವಳ ಬಾಯಿಗೆ ಸಕ್ಕರೆ ನೀರು ಹಿಡಿದರು. ಆಮೇಲೆ ಸಕ್ಕರೆ ಅಳೆಯುವ ಮೀಟರಿನಲ್ಲಿ ನೋಡಿದರೆ ನಲವತ್ತೊಂದು. ಎಪ್ಪತ್ತಕ್ಕಿಂತ ಇಳಿದರೆ ಅಪಾಯ ಎಂಬುದು ತಮ್ಮ ಕಚೇರಿಯ ಗೋಡೆಯ ಫಲಕದಲ್ಲೇ ಇದೆ. ಮರುದಿನ ಮಾಲೀಕರು ಅವಳನ್ನು ಗುಂಡಿ ಎಣಿಸುವ ಕಡೆಗೆ ಹಾಕಿದರು. ಕೆಟ್ಟ ಮನುಷ್ಯರಲ್ಲ. "ನಿಮ್ಮ ಕೈ ನನ್ನ ಕಣ್ಮುಂದೆ ಹೋಗೋದು ಬೇಡ ಕಣಮ್ಮ. ಡಾಕ್ಟರು ಹೇಳಿದ ಆ ಮಿಷನ್ ಬರಲಿ, ಮೇಜು ನಿಮ್ದೇ," ಎಂದರು. ಅಂದಿನಿಂದ ಅವಳು ಗುಂಡಿ ಎಣಿಸುತ್ತಿದ್ದಾಳೆ.

ಮಿಷನ್ ಆರಿಸುವುದಕ್ಕೆ ನಮಗೆ ಎರಡು ತಿಂಗಳು ಹಿಡಿಯಿತು. ಆಸ್ಪತ್ರೆಯ ನರ್ಸಮ್ಮ ಮೇಜಿನ ಮೇಲೆ ಎರಡು ಬಗೆಯ ಪಂಪು ಇಟ್ಟರು. ಒಂದನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳಬೇಕು, ಅದರಿಂದ ತೆಳ್ಳನೆಯ ಕೊಳವೆ ಹೊಟ್ಟೆಗೆ ಹೋಗುತ್ತದೆ. ಇನ್ನೊಂದಕ್ಕೆ ಕೊಳವೆಯಿಲ್ಲ, ಚರ್ಮಕ್ಕೆ ಅಂಟಿಸಿಕೊಂಡು ಮೂರು ದಿನಕ್ಕೊಮ್ಮೆ ಬದಲಾಯಿಸಬೇಕು. ನನಗೆ ಮೊದಲನೆಯದೇ ಇಷ್ಟವಾಯಿತು, ಅದರ ಪರದೆಯ ಮೇಲಿನ ಅಂಕಿಗಳು ಅಂದವಾಗಿದ್ದವು. ಯಾವುದು ಒಳ್ಳೆಯದು ಎಂದು ಕೇಳಿದ್ದಕ್ಕೆ ನರ್ಸಮ್ಮ, "ನನ್ನ ಕೇಳ್ಬೇಡಿ. ನಿಮ್ಮ ದಿನ ಹೇಗಿರುತ್ತೆ ಹೇಳಿ, ಅದೇ ಹೇಳುತ್ತೆ," ಎಂದರು. ಮತ್ತೆ ಕಟಿಂಗ್ ಮೇಜಿನ ಅಂಚಿಗೆ ದಿನವಿಡೀ ಹೊಟ್ಟೆಯೊತ್ತಿ ನಿಲ್ಲಬೇಕಾದವಳಿಗೆ ಹೊಟ್ಟೆಯ ಮೇಲೆ ಕೊಳವೆ ಆಗುವುದಿಲ್ಲ ಎಂದು ಅಲ್ಲೇ ಗೊತ್ತಾಯಿತು. ಕೊಳವೆಯಿಲ್ಲದ್ದರ ಖಾಲಿ ಡಬ್ಬಿಯೊಂದನ್ನು ತೋಳಿಗೆ ಅಂಟಿಸಿಕೊಂಡು ಅವಳು ಒಂದು ವಾರ ಕೆಲಸಕ್ಕೆ ಹೋಗಿಬಂದಳು. ಬೆವರಿಗೆ ಎರಡು ಸಲ ಕಿತ್ತುಬಂತು, ಮೂರನೆಯ ಸಲ ಮೇಲೊಂದು ಪಟ್ಟಿ ಹಾಕಿದ ಮೇಲೆ ನಿಂತಿತು.

ಸೆನ್ಸರಿನ ವಿಷಯದಲ್ಲಿ ಅವಳಿಗೆ ನಾಚಿಕೆಯಿತ್ತು. "ಸಕ್ಕರೆ ಇಳಿದಾಗೆಲ್ಲ ಅದು ಕೂಗಿದ್ರೆ ಎಲ್ಲರೂ ತಿರುಗಿ ನೋಡ್ತಾರೆ," ಎಂದಳು. "ನೋಡ್ಲಿ ಬಿಡಿ. ಅದಕ್ಕೇ ಅಲ್ವಾ ಕೂಗೋದು?" ಎಂದರು ನರ್ಸಮ್ಮ. ಸಕ್ಕರೆ ಇಳಿಯುವುದನ್ನು ಸೆನ್ಸರ್ ಮೊದಲೇ ಕಂಡು ಪಂಪಿಗೆ ತಿಳಿಸಬೇಕು, ಪಂಪು ತಾನೇ ಇನ್ಸುಲಿನ್ ನಿಲ್ಲಿಸಬೇಕು. ಹಾಗಾಗಿ ಎರಡೂ ಒಂದರ ಮಾತು ಒಂದಕ್ಕೆ ತಿಳಿಯುವ ಜೋಡಿಯಾಗಿರಬೇಕು. ಅಂಥ ಜೋಡಿಯನ್ನು ಹುಡುಕಿ, ಕೇಳಿ, ಜಗಳವಾಡಿ ಆರಿಸಿದೆವು. ನನ್ನನ್ನು ಒಪ್ಪುವಾಗ ಅವಳು ಇದರ ಅರ್ಧದಷ್ಟೂ ವಿಚಾರಿಸಿರಲಿಲ್ಲ. ವೈದ್ಯರು ಸಹಿ ಹಾಕಿದರು. ದೇವರು ವರ ಕೊಟ್ಟರೂ ಪೂಜಾರಿ ಕೊಡಲೊಲ್ಲ ಎಂಬ ಗಾದೆ ಆಗ ನೆನಪಾಗಬೇಕಿತ್ತು.

ಈಗ ನನ್ನ ತಪ್ಪಿಗೆ ಬರುತ್ತೇನೆ. ತೊಂಬತ್ತು ದಿನಗಳ ದಾಖಲೆ ಬೇಕೆಂದು ತಾವು ಕೇಳಿದ್ದಿರಿ. ಅವಳ ಪುಸ್ತಕ ಇತ್ತು. ಒಮ್ಮೆ ಪೆನ್ಸಿಲ್ಲು, ಒಮ್ಮೆ ಚಾಕ್, ಪುಟಪುಟಕ್ಕೂ ರಕ್ತದ ಚುಕ್ಕೆ, ಒಂದು ಕಡೆ ಅಂಕಿಯ ಮೇಲೆಯೇ ಎಣ್ಣೆಯ ಕಲೆ. ಇಂಥದ್ದನ್ನು ಒಂದು ಕಚೇರಿಗೆ ಕೊಡುವುದೇ? ಒಂದು ಚುಕ್ಕೆ ಶಾಯಿ ಬಿದ್ದರೂ ಇಡೀ ಹಾಳೆ ತೆಗೆದು ಹೊಸದು ಬರೆಯುವ ಕಸುಬು ನನ್ನದು. ನಾಲ್ಕು ಸಂಜೆ ಕುಳಿತು ಏಳುನೂರ ಇಪ್ಪತ್ತು ಅಂಕಿಗಳನ್ನೂ, ಅವುಗಳ ವೇಳೆಯನ್ನೂ ಗೆರೆ ಎಳೆದ ಹೊಸ ಹಾಳೆಗಳಿಗೆ ಇಳಿಸಿದೆ. ಒಂದಂಕಿಯೂ ಬದಲಾಗಿಲ್ಲ. ಐವತ್ತಕ್ಕಿಂತ ಕೆಳಗೆ ಇಳಿದ ಇಪ್ಪತ್ತಮೂರು ಸಲವನ್ನು ಮಾತ್ರ ಕೆಂಪು ಗೆರೆಯಿಂದ ಗುರುತಿಸಿದೆ. ಆಮೇಲೆ ಅವಳ ಪುಸ್ತಕವನ್ನು ಹರಿದು ಹಾಕಿದೆ. ಅಚ್ಚುಕಟ್ಟು ಪ್ರತಿ ತಯಾರಾದ ಮೇಲೆ ಕರಡು ಉಳಿಯಬಾರದು, ಎರಡಿದ್ದರೆ ಗೊಂದಲ, ಇದು ನಮ್ಮ ಮುದ್ರಣಾಲಯದ ಪಾಠ. ತಮ್ಮ ಕಚೇರಿಯ ಮೇಲಿನ ಗೌರವದಿಂದ ನಾನು ಅವಳ ಸಾಕ್ಷ್ಯವನ್ನು ಕಸದ ಬುಟ್ಟಿಗೆ ಹಾಕಿದೆ. ನನ್ನ ದಡ್ಡತನದ ಹೊಣೆ ನನ್ನದೇ, ಅದನ್ನು ತಮ್ಮ ಹೆಗಲಿಗೆ ಹಾಕುವುದಿಲ್ಲ.

ಆದರೆ ಆಮೇಲೆ ನಡೆದದ್ದರ ಹೊಣೆ ತಮ್ಮದು. ತಮ್ಮ ಪತ್ರ ಬಂದ ಮರುದಿನವೇ ಮೀಟರನ್ನು ಹಿಡಿದುಕೊಂಡು ತಮ್ಮಲ್ಲಿಗೆ ಬಂದೆ. ಕೊನೆಯ ಐನೂರು ಪರೀಕ್ಷೆಗಳು ದಿನಾಂಕ, ವೇಳೆ ಸಮೇತ ಅದರ ನೆನಪಿನಲ್ಲಿರುತ್ತವೆ. ಗುಂಡಿ ಒತ್ತಿದರೆ ಒಂದೊಂದಾಗಿ ಬರುತ್ತವೆ. ಎರಡನೆಯ ಕಿಟಕಿಯ ಗುಮಾಸ್ತರು ಅದನ್ನು ಮುಟ್ಟಲೂ ಇಲ್ಲ.

"ಯಂತ್ರ ಎಲ್ಲ ತಗೊಳಲ್ಲ ಸಾರ್. ಕಾಗದ ಇದ್ರೆ ಕೊಡಿ."

"ಕಾಗದವನ್ನ ನೀವು ನಂಬಲಿಲ್ಲವಲ್ಲ."

"ಅದಕ್ಕೇ ಆರು ತಿಂಗಳು ಬಿಟ್ಟು ಬೇರೆ ಕಾಗದ ತನ್ನಿ ಅಂದಿರೋದು."

ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಎನ್ನುತ್ತಾರೆ. ತಮ್ಮಲ್ಲಿ ಕನ್ನಡಿಯೂ ಬೇಕು, ಆ ಕನ್ನಡಿ ತುಸು ಕೊಳೆಯಾಗಿಯೂ ಇರಬೇಕು. ತೊಂಬತ್ತು ದಿನ ಕಾಯಿಲೆ ಬಿದ್ದವಳು ಯಾವ ಶಾಯಿಯಲ್ಲಿ ಬೀಳಬೇಕಿತ್ತು? ರಕ್ತದ ಚುಕ್ಕೆ ಎಷ್ಟಿದ್ದರೆ ನಂಬಿಕೆ ಹುಟ್ಟುತ್ತದೆ? ನಿಯಮಾವಳಿಯಲ್ಲಿ ಇದನ್ನೂ ಸೇರಿಸಿದರೆ ಮುಂದಿನವರು ನೋಡಿಕೊಂಡು ಸುರಿಸಬಹುದು.

ಮೀಟರಿನ ನೆನಪು ಐನೂರಕ್ಕೆ ಮುಗಿಯುತ್ತದೆ ಎಂದೆನಲ್ಲ. ಅವಳು ದಿನಕ್ಕೆ ಎಂಟು ಸಲ ಪರೀಕ್ಷಿಸಿಕೊಂಡಾಗ ಎಂಟು ಹಳೆಯ ಅಂಕಿಗಳು ಅಳಿಸಿಹೋಗುತ್ತವೆ. ಪರೀಕ್ಷೆ ನಿಲ್ಲಿಸಿದರೆ ಅವಳು ಉಳಿಯುವುದಿಲ್ಲ, ನಡೆಸಿದರೆ ಸಾಕ್ಷ್ಯ ಉಳಿಯುವುದಿಲ್ಲ. ನಾನು ಕೊಟ್ಟ ತೊಂಬತ್ತು ದಿನಗಳಲ್ಲಿ ಕೊನೆಯ ಇಪ್ಪತ್ತೇಳು ದಿನಗಳ ಅಂಕಿಗಳು ಇಂದಿಗೂ ಅದರಲ್ಲಿವೆ. ನನ್ನ ಹಾಳೆಯ ಪಕ್ಕದಲ್ಲಿಟ್ಟು ಯಾರಾದರೂ ಹೋಲಿಸಿ ನೋಡಲಿ. ಇನ್ನು ಇಪ್ಪತ್ತೇಳು ದಿನ ಕಳೆದರೆ ಹೋಲಿಸಲು ಏನೂ ಇರುವುದಿಲ್ಲ. ಅಷ್ಟರೊಳಗೆ ತಮ್ಮ ಕಚೇರಿಯ ಒಬ್ಬರು ಆ ಮೀಟರನ್ನು ಕೈಯಲ್ಲಿ ಹಿಡಿದು ಗುಂಡಿ ಒತ್ತಬೇಕು, ಅಂಕಿಗಳು ತಾಳೆಯಾದರೆ ಪಂಪು ಮತ್ತು ಸೆನ್ಸರನ್ನು ನಾವು ಆರಿಸಿದ ಜೋಡಿಯಾಗಿಯೇ ಮಂಜೂರು ಮಾಡಬೇಕು. ಇದು ನನ್ನ ಬೇಡಿಕೆ.

ಇದನ್ನು ಪತ್ರಿಕೆಗೆ ಕೊಡಲು ಇನ್ನೊಂದು ಕಾರಣವಿದೆ. ಅರ್ಜಿ ಏಕೆ ಬಿದ್ದುಹೋಯಿತು ಎಂಬುದು ನನ್ನ ಹೆಂಡತಿಗೆ ಗೊತ್ತಿಲ್ಲ. ಸಾಲಿನಲ್ಲಿ ಬಹಳ ಜನ ಇದ್ದಾರಂತೆ ಎಂದು ಸುಳ್ಳು ಹೇಳಿದೆ. "ಹೋಗ್ಲಿ ಬಿಡ್ರೀ, ಅವರಿಗೂ ಬೇಕಲ್ವಾ," ಎಂದಳು. ಅವಳ ಪುಸ್ತಕವನ್ನು ನಾನೇ ಹರಿದೆ ಎಂದು ಎದುರು ನಿಂತು ಹೇಳುವ ಧೈರ್ಯ ಬರಲಿಲ್ಲ. ಇಂದು ಇದನ್ನು ಓದಿ ಅವಳು ನನ್ನ ಮೇಲೆ ರೇಗುತ್ತಾಳೆ. ರೇಗಲೇಬೇಕು. ಕಷ್ಟವೇನೆಂದರೆ, ಸಕ್ಕರೆ ಕುಸಿದಾಗ ಹೊರಗೆ ಕಾಣಲು ಅವಳಲ್ಲಿ ಉಳಿದಿರುವ ಲಕ್ಷಣ ಅದೊಂದೇ, ಒಮ್ಮೊಮ್ಮೆ ಹೀಗೆಯೇ ರೇಗುತ್ತಾಳೆ. ಅದಕ್ಕೇ ಎರಡು ವರ್ಷಗಳಿಂದ ಅವಳು ದನಿ ಏರಿಸಿದಾಗಲೆಲ್ಲ ನಾನು ಮಾತು ಕೇಳಿಸಿಕೊಳ್ಳದೆ ಬೆರಳು ಹಿಡಿದು ಚುಚ್ಚಿದ್ದೇನೆ. ಇವತ್ತೂ ಮೊದಲು ಚುಚ್ಚುತ್ತೇನೆ. ಅಂಕಿ ಸರಿಯಿದ್ದರೆ, ತಲೆ ತಗ್ಗಿಸಿ ನಿಂತು ಅವಳ ಬೈಗುಳವನ್ನು ಕೊನೆಯವರೆಗೂ ಕೇಳುತ್ತೇನೆ. ನನ್ನ ಹೆಂಡತಿಯ ಸಿಟ್ಟು ಬರೀ ಸಿಟ್ಟು ಎಂದು ಅವಳ ತೋಳಿನ ಸೆನ್ಸರನ್ನು ನೋಡಿಯೇ ನಂಬುವಂತಾಗಲಿ, ಅವಳ ಬೆರಳನ್ನು ಬಿಟ್ಟುಬಿಡುತ್ತೇನೆ.

ಇಂತಿ,
ಕರಡನ್ನು ತಾನೇ ಹರಿದುಹಾಕಿದ ನಕಲುಗಾರ,
ತಮ್ಮ ಕಡತದಲ್ಲಿ ನಂಬಲರ್ಹನಲ್ಲದ, ಅರ್ಜಿದಾರಳ ಗಂಡ