ಕೊಬ್ಬು ಬರೆದ ಕಾಗದ

ಮಾವಳ್ಳಿ, ಬೆಂಗಳೂರು
೧೬-೫-೨೦೦೪

ಮೈಸೂರಿನ ಡಯಾಲಿಸಿಸ್ ಕೋಣೆಯ ಮಹಾಜನರೇ! ಯಂತ್ರಕ್ಕೆ ಕೈಯೊಡ್ಡಿ ಮಲಗಿರುವ ನಾಲ್ಕೂ ಮಂಚದವರೇ! ಸದ್ದು! ನನ್ನ ತಂಗಿ ಗಂಗರತ್ನ ಅಣ್ಣನ ಕಾಗದವನ್ನು ಗಟ್ಟಿಯಾಗಿ ಓದುತ್ತಿದ್ದಾಳೆ, ಕಿವಿಗೊಡಿ!

ಗಂಗಾ, ಆಶೀರ್ವಾದಗಳು. ಎರಡು ತಿಂಗಳು ಬರೆಯಲಿಲ್ಲ, ತಪ್ಪಾಯಿತು. ಒಳ್ಳೆಯ ಸುದ್ದಿಯೊಂದಿಗೇ ರಂಗಪ್ರವೇಶ ಮಾಡಬೇಕೆಂದು ಕಾದೆ. ಅದು ಬರಲಿಲ್ಲ. ನನ್ನ ಕಿಡ್ನಿ ನಿನಗೆ ಕೊಡಲಾಗದೆಂದು ನಿನ್ನೆ ಡಾಕ್ಟರ್ ನಂದಕುಮಾರ್ ಹೇಳಿಬಿಟ್ಟರು.

ನವೆಂಬರಿನಲ್ಲಿ ಅವರು ಹಾಕಿದ್ದ ಷರತ್ತು ನಿನಗೆ ಗೊತ್ತು. ನೂರ ಹದಿನೆಂಟು ಕೆ.ಜಿ.ಯ ಈ ಮೈ ಆರು ತಿಂಗಳಲ್ಲಿ ತೊಂಬತ್ತಕ್ಕೆ ಇಳಿಯಬೇಕು, ಮೂತ್ರದಲ್ಲಿ ಸೋರುವ ಪ್ರೋಟೀನ್ ನಿಲ್ಲಬೇಕು. ನಿನ್ನೆ ತೂಕ ನೂರ ಇಪ್ಪತ್ತಮೂರು! ಡಾಕ್ಟರು ನನ್ನ ರಕ್ತ ತೆಗೆದಿಟ್ಟಿದ್ದ ಗಾಜಿನ ಕೊಳವೆಯನ್ನು ಎತ್ತಿ ಹಿಡಿದರು. ರಕ್ತದ ಮೇಲೆ ನಿಂತ ತಿಳಿಯೇ ಮಜ್ಜಿಗೆಯ ಹಾಗೆ ಬೆಳ್ಳಗಿತ್ತು.

"ಎಲ್ಲಾ ಜಿಡ್ಡು. ಕೊಬ್ಬು ಮೂಟೆ ಥರ ಸುಮ್ನೆ ಬಿದ್ದಿರಲ್ಲ ಧರ್ಮರಾಜು ಅವ್ರೇ. ದಿನಾ ರಕ್ತದಲ್ಲಿ ಕಾಗದ ಹಾಕ್ತಾ ಇರುತ್ತೆ. ಅದನ್ನ ಓದಿ ಓದಿ ಕಿಡ್ನಿಯ ಜರಡಿ ಊದ್ಕೊಂಡು ತೂತು ದೊಡ್ಡದಾಗುತ್ತೆ."

"ಅಂದ್ರೆ ನನ್ನ ಹೊಟ್ಟೆ ಅಂಚೆ ಕಚೇರಿಯೋ ಸ್ವಾಮೀ?" ಎಂದು ಗರ್ಜಿಸಿದೆ. ಹೊರಗೆ ಕುಳಿತವರೆಲ್ಲ ನಕ್ಕರು. ಡಾಕ್ಟರು ನಗಲಿಲ್ಲ.

"ರಜಾನೇ ಇಲ್ಲದ ಅಂಚೆ ಕಚೇರಿ. ಸೋರಿಕೆ ಎರಡರಷ್ಟಾಗಿದೆ. ಈಗ ಉಳಿಸ್ಕೋಬೇಕಾಗಿರೋದು ನಿಮ್ಮ ಕಿಡ್ನೀನ."

ನಿನ್ನ ಅತ್ತಿಗೆ ಧನಲಕ್ಷ್ಮಿ ಆರು ತಿಂಗಳೂ ಅಳೆದು ಅಳೆದು ಮುದ್ದೆ ಬಡಿಸಿದಳು, ಬೆಳಿಗ್ಗೆ ಐದೂವರೆಗೇ ಲಾಲ್‌ಬಾಗಿಗೆ ಅಟ್ಟಿದಳು. "ರಾಕ್ಷಸನ ಪಾರ್ಟು ಬಿಟ್ಟು ಹತ್ತು ವರ್ಷ ಆಯ್ತು, ಹೊಟ್ಟೆ ಇನ್ನೂ ವೇಷ ಕಳಚಿಲ್ವಲ್ರೀ!" ಎಂದಳು ನಿನ್ನೆ. ಹಾಗೆಂದು, ಅತ್ತಳು. ದೈವೇಚ್ಛೆ, ಗಂಗಾ. ಮೈ ಒಪ್ಪಲಿಲ್ಲ.

ನೂರ್ಕಾಲ ಬಾಳು. ನಾಲ್ಕೂ ಮಂಚಕ್ಕೆ ಒಳ್ಳೆಯದಾಗಲಿ.

ಇಂತಿ ನಿನ್ನ ಅಣ್ಣ,
ಧರ್ಮರಾಜು

ತಾ.ಕ.: ಇಲ್ಲಿಂದ ಗಟ್ಟಿಯಾಗಿ ಓದಬೇಡ. ನಾಟಕದಲ್ಲಿ ಸ್ವಗತವೆಂದರೆ ಸಭೆಗೆಲ್ಲ ಕೇಳಿಸಿ, ಪಕ್ಕದಲ್ಲಿ ನಿಂತವನಿಗೆ ಮಾತ್ರ ಕೇಳಿಸದ ಮಾತು. ಇದು ತಿರುವುಮುರುವು. ನಿನಗೊಬ್ಬಳಿಗೇ.

ಲಾಲ್‌ಬಾಗಿನೊಳಗೆ ನಾನು ಕಾಲಿಟ್ಟದ್ದು ಮೊದಲ ವಾರ ಮಾತ್ರ. ಆಮೇಲೆ ದಿನವೂ ಗೇಟಿನ ಹತ್ತಿರದ ಹೋಟೆಲಿನಲ್ಲಿ ಕುಳಿತು, ಬೆಣ್ಣೆ ಹಾಕಿಸಿಕೊಂಡು, ಮೂರು ಮೂರು ದೋಸೆ ತಿಂದೆ. ಆಸೆಗಲ್ಲ. ಮೈ ಇಳಿದರೆ ಕೊಯ್ಯುತ್ತಾರಲ್ಲ ಎಂದು. ಮೂವತ್ತು ವರ್ಷ ತಗಡಿನ ಕತ್ತಿಗೆ ಎದೆಯೊಡ್ಡಿ ಸತ್ತವನು ನಿಜದ ಕತ್ತಿಗೆ ಹೆದರಿ ಕೊಬ್ಬಿನ ಹಿಂದೆ ಅಡಗಿದೆ. ಈಗ ಹೊರಗೆ ಬರೋಣವೆಂದರೆ ಬಾಗಿಲೇ ಕಾಣುತ್ತಿಲ್ಲ. ನೀನು ಪ್ರತಿ ಕಾಗದದಲ್ಲೂ "ತೂಕ ಎಷ್ಟಾಯ್ತಣ್ಣ?" ಎಂದು ಕೇಳಿದೆ. ನಾನು ನಗಿಸುವ ಕತೆ ಬರೆದು ಕಳಿಸಿದೆ.

ಡಾಕ್ಟರಿಗೂ ಇದು ಗೊತ್ತಿಲ್ಲ. ಪಥ್ಯ ಮಾಡಿಯೂ ಇಳಿಯದ ಮೈ ಎಂದುಕೊಂಡೇ ಕೈಬಿಟ್ಟಿದ್ದಾರೆ. ನಾಳೆ ಬೆಳಿಗ್ಗೆ ಎದ್ದು ಮೊದಲು ಈ ಕಾಗದವನ್ನು ಅಂಚೆ ಡಬ್ಬಿಗೆ ಹಾಕುತ್ತೇನೆ, ಹಿಂದೆ ಸರಿಯಲು ದಾರಿ ಉಳಿಯದ ಹಾಗೆ. ಆ ಹೋಟೆಲಿನ ಮುಂದೆಯೇ ನಡೆದು ಹೋಗಿ, ಎಂಟು ಗಂಟೆಗೆ ಡಾಕ್ಟರ ಬಾಗಿಲಲ್ಲಿ ನಿಂತು, ನಿಜ ಹೇಳಿ, ಇನ್ನಾರು ತಿಂಗಳು ಬೇಡುತ್ತೇನೆ. ಬರಿಹೊಟ್ಟೆಯಲ್ಲಿ.